ಲೈಟಿನ ಡಬ್ಬಿ ಮೇಲೆ ಬರೆದಿರೋದನ್ನ ಓದೋದು ಹೇಗೆ?

ಗೆಳೆಯರೇ, ಈ ಸಲ ಕಥೆ, ಕವನ ಬಿಟ್ಟು ಸ್ವಲ್ಪ ವೈರಿಂಗ್ ಮಾತಾಡೋಣ ಅಂತ ಕೂತಿದ್ದೇವೆ. ಅದಕ್ಕೆ ಕಾರಣ ಒಂದು ಫೋನ್ ಕರೆ.

ನಮ್ಮಲ್ಲೊಬ್ಬನ ಕಾಕಾ ಇಲ್ಲೇ ವಿದ್ಯಾನಗರದಲ್ಲಿ ಒಂದು ರೀಡಿಂಗ್ ಹಾಲ್ ನಡೆಸುತ್ತಾರೆ. ಕೆಎಎಸ್, ಪಿಎಸ್ಐ, ಬ್ಯಾಂಕ್ ಪರೀಕ್ಷೆಗೆ ಓದೋ ಹುಡುಗರು ತಿಂಗಳ ಬಾಡಿಗೆ ಕೊಟ್ಟು ಬೆಳಗಿನಿಂದ ರಾತ್ರಿವರೆಗೆ ಕೂರುವ ಜಾಗ. 60 ಅಡಿ ಉದ್ದ, 40 ಅಡಿ ಅಗಲ. ಹಳೇ ಟ್ಯೂಬ್‌ಲೈಟ್ ತೆಗೆಸಿ ಫಾಲ್ಸ್ ಸೀಲಿಂಗ್ ಮಾಡಿಸಿ, ಎರಡಡಿ ಚೌಕದ 40 ಎಲ್ಇಡಿ ಪ್ಯಾನೆಲ್ ಹಾಕಿಸಿದ್ದರು.

"ತಮ್ಮಾ, ನೀವೆಲ್ಲಾ ಎಲೆಕ್ಟ್ರಿಕಲ್ ಓದಾಕತ್ತೀರಲ್ಲ, ಒಂದೀಟು ಬಂದು ನೋಡ್ರಿ. ಏಸಿ ಸರ್ವಿಸ್ ಮಾಡೋ ಹುಡುಗಗ ಮ್ಯಾಲಿನ ಪಟ್ಟಿ ಮುಟ್ಟಿದ ಕೂಡ್ಲೇ ಶಾಕ್ ಹೊಡೀತು. ಏಣಿ ಮ್ಯಾಲಿಂದ ಬೀಳ್ತಿದ್ದ, ಪುಣ್ಯಾಕ್ಕ ಕೆಳಗ ಹಿಡ್ಕೊಂಡಿದ್ರು."

ಮೇಲಿನ ಪಟ್ಟಿ ಅಂದ್ರೆ ಪ್ಯಾನೆಲ್‌ಗಳು ಕೂರುವ ಫಾಲ್ಸ್ ಸೀಲಿಂಗ್‌ನ ಲೋಹದ ಟಿ-ಪಟ್ಟಿ. ಹುಡುಗನ ಒಂದು ಕೈ ಏಸಿಯ ತಾಮ್ರದ ಪೈಪ್ ಮೇಲಿತ್ತು, ಇನ್ನೊಂದು ಕೈ ಈ ಪಟ್ಟಿಗೆ ತಾಗಿತು.

"ಎಂಸಿಬಿ ಬಿತ್ತೇನ್ ಕಾಕಾ?" ಅಂತ ಕೇಳಿದೆವು.

"ಇಲ್ಲಪ್ಪಾ, ಅದು ಈಗ ಬೀಳೋದ ಇಲ್ಲ. ಮೊದ್ಲ ಭಾಳ ಬೀಳ್ತಿತ್ತು. ರಿಪೇರಿ ಮಾಡ್ಸೀವಿ."

ಈ 'ರಿಪೇರಿ' ಅನ್ನೋ ಮಾತು ಕೇಳಿದ ಕೂಡಲೇ ನಮ್ಮ ಲ್ಯಾಬಿನ ಸರ್ ಮುಖ ಸಣ್ಣದಾಯಿತು. ಮರುದಿನವೇ ಅವರನ್ನು ಕರೆದುಕೊಂಡು ಹೋದೆವು.

ಎರಡು ರಿಪೇರಿಗಳು

ಕಾಕಾ ಹೇಳಿದ ಪ್ರಕಾರ ಹೊಸ ಲೈಟ್ ಬಂದ ಮೇಲೆ ಎರಡು ತೊಂದರೆ ಶುರುವಾಗಿತ್ತು.

ಮೊದಲನೆಯದು, ಕರೆಂಟ್ ಹೋಗಿ ಬಂದಾಗಲೆಲ್ಲ ಲೈಟಿನ 10 ಆಂಪ್ ಎಂಸಿಬಿ ಬೀಳುತ್ತಿತ್ತು. ವಿಚಿತ್ರ ಅಂದ್ರೆ ಬೆಳಿಗ್ಗೆ ಹಾಲ್ ತೆಗೆದು ಸ್ವಿಚ್ ಹಾಕಿದಾಗ ಬೀಳುತ್ತಿರಲಿಲ್ಲ, ದಿನವಿಡೀ ಉರಿದರೂ ಬೀಳುತ್ತಿರಲಿಲ್ಲ. ಕರೆಂಟ್ ವಾಪಸ್ ಬಂದ ಕ್ಷಣಕ್ಕೆ ಮಾತ್ರ ಟಪ್ ಅಂತ ಬೀಳುತ್ತಿತ್ತು. ಯಾರೋ ಬಂದು 10 ಆಂಪ್ ತೆಗೆದು 32 ಆಂಪ್ ಎಂಸಿಬಿ ಹಾಕಿ ಹೋದರು. ಬೀಳೋದು ನಿಂತಿತು.

ಎರಡನೆಯದು, ಆಗೊಮ್ಮೆ ಈಗೊಮ್ಮೆ, ಅದರಲ್ಲೂ ಮಳೆಗಾಲದ ದಿನಗಳಲ್ಲಿ, ಆರ್‌ಸಿಸಿಬಿ ಬೀಳುತ್ತಿತ್ತು. ಅದೇ ಮನುಷ್ಯ ಮತ್ತೆ ಬಂದು ಪ್ಯಾನೆಲ್‌ಗಳಿಗೆ ಹೋಗುವ ಹಸಿರು ವೈರುಗಳನ್ನು ಬಿಚ್ಚಿ, ತುದಿಗೆ ಟೇಪ್ ಸುತ್ತಿ ಹೋದರು. ಅದೂ ನಿಂತಿತು.

ಕಾಕಾ ಖುಷಿಯಾಗಿದ್ದರು. ಆದರೆ ಆ ಎರಡೂ ತೊಂದರೆ ಯಾಕೆ ಬರುತ್ತವೆ, ಏನು ಮಾಡಬೇಕು ಅನ್ನೋದು ಪ್ಯಾನೆಲ್‌ನ ಡಬ್ಬಿ ಮೇಲೂ ಒಳಗಿದ್ದ ಕಾಗದದಲ್ಲೂ ಅಚ್ಚಾಗಿತ್ತು. ಡಬ್ಬಿಗಳು ಇನ್ನೂ ಮೆಟ್ಟಿಲ ಕೆಳಗೆ ಬಿದ್ದಿದ್ದವು. ಒಂದನ್ನು ಎತ್ತಿಕೊಂಡು ಓದಿದೆವು. ಅದರಲ್ಲಿ ಇದ್ದದ್ದು ಇಷ್ಟು:

- ಇನ್‌ಪುಟ್: 220–240 ವೋಲ್ಟ್ ಎಸಿ, 50/60 ಹರ್ಟ್ಜ್
- ಪವರ್: 36 ವ್ಯಾಟ್, ಪವರ್ ಫ್ಯಾಕ್ಟರ್: 0.95, ಟಿಎಚ್‌ಡಿ: 15%ಕ್ಕಿಂತ ಕಡಿಮೆ
- ಇನ್‌ರಶ್ ಕರೆಂಟ್: 30 ಆಂಪ್, 200 ಮೈಕ್ರೊಸೆಕೆಂಡ್
- ಒಂದು ಎಂಸಿಬಿಗೆ ಗರಿಷ್ಠ ಲೈಟುಗಳು: ಬಿ10ಕ್ಕೆ 12, ಬಿ16ಕ್ಕೆ 20, ಸಿ10ಕ್ಕೆ 21, ಸಿ16ಕ್ಕೆ 34
- ಲೀಕೇಜ್ ಕರೆಂಟ್: 0.5 ಮಿಲಿಆಂಪ್
- ಡ್ರೈವರ್ ಔಟ್‌ಪುಟ್: 30–42 ವೋಲ್ಟ್ ಡಿಸಿ, 800 ಮಿಲಿಆಂಪ್
- ಕ್ಲಾಸ್ 1, ಐಪಿ20, ಟಿಎ 45 ಡಿಗ್ರಿ, ಟಿಸಿ 80 ಡಿಗ್ರಿ

ಬಹಳಷ್ಟು ಜನ ಇದರಲ್ಲಿ ಓದೋದು ಒಂದೇ ಸಂಖ್ಯೆ: 36 ವ್ಯಾಟ್. ನಾವೂ ಮೊದಲು ಅದನ್ನೇ ಓದಿದೆವು.

ವ್ಯಾಟ್ ಲೆಕ್ಕ: ಸರಿ, ಆದರೆ ಸಾಲದು

ಒಂದು ಪ್ಯಾನೆಲ್ ಎಳೆಯುವ ಕರೆಂಟ್ = ವ್ಯಾಟ್ ÷ (ವೋಲ್ಟ್ × ಪವರ್ ಫ್ಯಾಕ್ಟರ್). 36 ÷ (230 × 0.95) = ಸುಮಾರು 0.165 ಆಂಪ್. ನಲವತ್ತಕ್ಕೆ 6.6 ಆಂಪ್. 10 ಆಂಪ್ ಎಂಸಿಬಿಗೆ ಇದು ಆರಾಮ. ಹಾಗಾಗಿ ವೈರಿಂಗ್ ಮಾಡಿದವರು 40 ಲೈಟನ್ನೂ ಒಂದೇ ಸರ್ಕ್ಯೂಟಿಗೆ ಹಾಕಿದ್ದರು. ಲೆಕ್ಕದಲ್ಲಿ ತಪ್ಪಿಲ್ಲ. ಬಿಟ್ಟುಹೋದದ್ದು ಮುಂದಿನ ಸಾಲು.

ಇಲ್ಲಿ ಪವರ್ ಫ್ಯಾಕ್ಟರ್ ಜೊತೆ ಟಿಎಚ್‌ಡಿಯನ್ನೂ ನೋಡಬೇಕು. ಡ್ರೈವರ್ ಎಳೆಯುವ ಕರೆಂಟಿನ ಅಲೆ ಶುದ್ಧ ಸೈನ್ ಆಗಿಲ್ಲದಿದ್ದರೆ ಅದರಲ್ಲಿ 3ನೇ ಹಾರ್ಮೋನಿಕ್ ಇರುತ್ತದೆ. ತ್ರೀ ಫೇಸ್ ಕಟ್ಟಡದಲ್ಲಿ ಲೋಡ್ ಸಮವಾಗಿ ಹಂಚಿದರೆ ನ್ಯೂಟ್ರಲ್‌ನಲ್ಲಿ ಕರೆಂಟ್ ಸೊನ್ನೆ ಅಂತ ನಾವು ಓದಿದ್ದೇವೆ. ಅದು 50 ಹರ್ಟ್ಜ್ ಭಾಗಕ್ಕೆ ಮಾತ್ರ ನಿಜ. ಮೂರೂ ಫೇಸಿನ 3ನೇ ಹಾರ್ಮೋನಿಕ್ ನ್ಯೂಟ್ರಲ್‌ನಲ್ಲಿ ಒಂದಕ್ಕೊಂದು ಕಳೆದುಹೋಗೋದಿಲ್ಲ, ಕೂಡಿಕೊಳ್ಳುತ್ತದೆ. ಅಗ್ಗದ ಡ್ರೈವರ್‌ಗಳಲ್ಲಿ ಟಿಎಚ್‌ಡಿ 100% ದಾಟುವುದೂ ಉಂಟು. ಅಂಥ ಕಡೆ ನ್ಯೂಟ್ರಲ್ ವೈರು ಫೇಸಿಗಿಂತ ಹೆಚ್ಚು ಬಿಸಿಯಾಗಬಹುದು. ಆದ್ದರಿಂದ ಲೈಟಿನ ಸರ್ಕ್ಯೂಟಿನಲ್ಲಿ ನ್ಯೂಟ್ರಲ್ ಸಣ್ಣ ಗಾತ್ರದ್ದು ಹಾಕಬೇಡಿ.

ಇನ್‌ರಶ್: ಕರೆಂಟ್ ಬಂದಾಗಲೇ ಯಾಕೆ ಬೀಳ್ತಿತ್ತು?

ಎಲ್ಇಡಿ ಡ್ರೈವರ್ ಒಳಗೆ ರೆಕ್ಟಿಫೈಯರ್, ಅದರ ಹಿಂದೆ ಕೆಪ್ಯಾಸಿಟರ್ ಇರುತ್ತದೆ. ಸ್ವಿಚ್ ಹಾಕಿದ ಕ್ಷಣಕ್ಕೆ ಆ ಕೆಪ್ಯಾಸಿಟರ್ ಖಾಲಿ. ಖಾಲಿ ಕೆಪ್ಯಾಸಿಟರ್ ಅಂದ್ರೆ ಆ ಕ್ಷಣಕ್ಕೆ ಹೆಚ್ಚುಕಡಿಮೆ ಶಾರ್ಟ್ ಸರ್ಕ್ಯೂಟ್. ಎಸಿ ಅಲೆ ತುದಿಯಲ್ಲಿ, ಅಂದ್ರೆ 325 ವೋಲ್ಟ್ ಹತ್ತಿರ ಇದ್ದಾಗ ಸ್ವಿಚ್ ಬಿದ್ದರೆ 0.165 ಆಂಪ್ ಎಳೆಯುವ ಲೈಟು ಆ ಒಂದು ಗಳಿಗೆ 30 ಆಂಪ್ ಎಳೆಯುತ್ತದೆ. 200 ಮೈಕ್ರೊಸೆಕೆಂಡಿನಲ್ಲಿ ಮುಗಿದೂ ಹೋಗುತ್ತದೆ.

40 ಲೈಟು ಒಟ್ಟಿಗೆ ಹತ್ತಿದರೆ ಪೂರಾ 1200 ಆಂಪ್ ಬರೋದಿಲ್ಲ, ವೈರಿನ ರೆಸಿಸ್ಟನ್ಸ್ ಮತ್ತು ಇಂಡಕ್ಟನ್ಸ್ ಅದನ್ನು ತಡೆಯುತ್ತವೆ. ಆದರೂ ನೂರಾರು ಆಂಪ್ ಖಂಡಿತ. ಎಂಸಿಬಿಯ ಒಳಗೆ ಎರಡು ಕಾವಲುಗಾರರು ಇರುತ್ತಾರೆ. ಒಂದು ಬಿಸಿಗೆ ಬಾಗುವ ಪಟ್ಟಿ, ಓವರ್‌ಲೋಡಿಗೆ. ಇನ್ನೊಂದು ಕಾಯಿಲ್, ಶಾರ್ಟ್ ಸರ್ಕ್ಯೂಟಿಗೆ. ಬಿ ಟೈಪ್ ಎಂಸಿಬಿಯ ಕಾಯಿಲ್ ರೇಟಿಂಗಿನ 3ರಿಂದ 5 ಪಟ್ಟಿಗೆ, ಸಿ ಟೈಪ್‌ನದು 5ರಿಂದ 10 ಪಟ್ಟಿಗೆ, ಡಿ ಟೈಪ್‌ನದು 10ರಿಂದ 20 ಪಟ್ಟಿಗೆ ಎಳೆಯುತ್ತದೆ. ಇದು 50 ಹರ್ಟ್ಜ್ ಕರೆಂಟಿನ ಲೆಕ್ಕ. 200 ಮೈಕ್ರೊಸೆಕೆಂಡಿನ ಪೆಟ್ಟಾದರೆ ಇನ್ನೂ ಸ್ವಲ್ಪ ಹೆಚ್ಚು ತಡೆದುಕೊಳ್ಳುತ್ತದೆ. ಎಷ್ಟು ಅಂತ ನಾವು ಕೂತು ಲೆಕ್ಕ ಹಾಕೋದು ಕಷ್ಟ. ಅದಕ್ಕೇ ತಯಾರಕರು 'ಒಂದು ಎಂಸಿಬಿಗೆ ಗರಿಷ್ಠ ಇಷ್ಟು ಲೈಟು' ಅಂತ ಕೊಟ್ಟಿರುತ್ತಾರೆ. ಹಾಲ್‌ನಲ್ಲಿದ್ದದ್ದು ಸಿ10. ಮಿತಿ 21. ಹಾಕಿದ್ದು 40.

ಹಾಗಾದರೆ ಬೆಳಿಗ್ಗೆ ಯಾಕೆ ಬೀಳುತ್ತಿರಲಿಲ್ಲ? ಹಾಲ್‌ನಲ್ಲಿ 8 ಸ್ವಿಚ್, ಒಂದೊಂದಕ್ಕೆ 5 ಲೈಟು. ಬೆಳಿಗ್ಗೆ ಒಂದಾದ ಮೇಲೊಂದು ಒತ್ತುತ್ತಾರೆ, ಪೆಟ್ಟು ಐದೈದಾಗಿ ಹಂಚಿಹೋಗುತ್ತದೆ. ಕರೆಂಟ್ ಹೋಗಿ ಬಂದಾಗ ಎಂಟೂ ಸ್ವಿಚ್ ಮೊದಲೇ ಆನ್ ಇರುತ್ತವೆ. 40 ಕೆಪ್ಯಾಸಿಟರ್ ಒಂದೇ ಕ್ಷಣಕ್ಕೆ ಬಾಯಿ ತೆರೆಯುತ್ತವೆ.

ಇದಕ್ಕೆ 32 ಆಂಪ್ ಹಾಕೋದು ಉತ್ತರ ಅಲ್ಲ. ಎಂಸಿಬಿ ಇರೋದು ವೈರನ್ನು ಕಾಯಲು. ಆ ಹಾಲ್‌ನ ಪೈಪಿನೊಳಗೆ ಇದ್ದದ್ದು 1.5 ಚದರ ಮಿಲಿಮೀಟರಿನ ತಾಮ್ರದ ವೈರು. ಅದು ಹೊರುವುದು ಸುಮಾರು 13–15 ಆಂಪ್. ನಾಳೆ ಯಾವುದೋ ಜಾಯಿಂಟ್ ಕೆಟ್ಟು 28 ಆಂಪ್ ಹರಿದರೆ ವೈರಿನ ಪಿವಿಸಿ ಕರಗುತ್ತದೆ, 32 ಆಂಪ್ ಎಂಸಿಬಿ ಸುಮ್ಮನೆ ನೋಡುತ್ತಾ ಕೂರುತ್ತದೆ. ಮೇಲೆ ಫಾಲ್ಸ್ ಸೀಲಿಂಗ್, ಕೆಳಗೆ ನೂರಾರು ಪುಸ್ತಕ, ಓದುತ್ತಾ ಕೂತ ಹುಡುಗರು.

ಇನ್ನೊಂದು ಮಾತು. ಒಂದು ಲೈಟ್ ಸರ್ಕ್ಯೂಟಿಗೆ 10 ಪಾಯಿಂಟ್ ಅಥವಾ 800 ವ್ಯಾಟ್, ಯಾವುದು ಕಡಿಮೆಯೋ ಅದು, ಅನ್ನುವ ಹಳೇ ನಿಯಮವನ್ನು ನಾವೆಲ್ಲ ವೈರಿಂಗ್ ಪಾಠದಲ್ಲಿ ಓದಿದ್ದೇವೆ. "ಎಲ್ಇಡಿ ಬಂದ ಮ್ಯಾಲೆ ಅದೆಲ್ಲಾ ಯಾಕ್ರೀ" ಅಂತ ಅದನ್ನು ಬಿಟ್ಟಿದ್ದರು. 40 ಪ್ಯಾನೆಲ್ ಅಂದ್ರೆ 1440 ವ್ಯಾಟ್. ಹತ್ತತ್ತರಂತೆ ನಾಲ್ಕು ಸರ್ಕ್ಯೂಟ್ ಮಾಡಿದ್ದರೆ ಈ ತೊಂದರೆಯೇ ಬರುತ್ತಿರಲಿಲ್ಲ.

ಲೀಕೇಜ್ ಮತ್ತು ಕ್ಲಾಸ್ 1: ಹಸಿರು ವೈರಿನ ಕೆಲಸ

ಈಗ ಶಾಕಿನ ವಿಚಾರ.

ಲೈಟು, ಫ್ಯಾನು ಇತ್ಯಾದಿಗಳಿಗೆ ಮೂರು ಕ್ಲಾಸ್ ಇವೆ. ಕ್ಲಾಸ್ 1 ಅಂದ್ರೆ ಲೋಹದ ಮೈ ಇದೆ, ಅರ್ಥ್ ಕೊಡಲೇಬೇಕು. ಕ್ಲಾಸ್ 2 ಅಂದ್ರೆ ಎರಡು ಪದರದ ಇನ್ಸುಲೇಶನ್, ಅರ್ಥ್ ಬೇಡ. ಅದರ ಗುರುತು ಚೌಕದೊಳಗೆ ಇನ್ನೊಂದು ಚೌಕ. ಕ್ಲಾಸ್ 3 ಕಡಿಮೆ ವೋಲ್ಟಿನ ಸುರಕ್ಷಿತ ಸಪ್ಲೈ ಮೇಲೆ ನಡೆಯುವಂಥದ್ದು. ನಮ್ಮ ಪ್ಯಾನೆಲ್ ಕ್ಲಾಸ್ 1.

ಡ್ರೈವರ್ ಒಳಗೆ ರೇಡಿಯೋ ಗದ್ದಲ ಅಡಗಿಸಲು ಒಂದು ಫಿಲ್ಟರ್ ಇರುತ್ತದೆ. ಅದರಲ್ಲಿ ಫೇಸಿನಿಂದ ಮೈಗೆ ಒಂದು, ನ್ಯೂಟ್ರಲ್‌ನಿಂದ ಮೈಗೆ ಒಂದು ಸಣ್ಣ ಕೆಪ್ಯಾಸಿಟರ್. ಅವುಗಳ ಮೂಲಕ ಯಾವಾಗಲೂ ಚೂರು ಕರೆಂಟ್ ಅರ್ಥಿಗೆ ಹರಿಯುತ್ತಿರುತ್ತದೆ. ಅದೇ ಡಬ್ಬಿ ಮೇಲಿನ 0.5 ಮಿಲಿಆಂಪ್. ಇದು ಕೆಟ್ಟಿದ್ದಕ್ಕೆ ಬರೋದಲ್ಲ, ಚೆನ್ನಾಗಿರೋ ಡ್ರೈವರ್‌ನಲ್ಲೂ ಇರುತ್ತದೆ.

ಆರ್‌ಸಿಸಿಬಿ ಮಾಡೋದು ಒಂದೇ ಕೆಲಸ: ಫೇಸಿನಲ್ಲಿ ಹೋದದ್ದು ನ್ಯೂಟ್ರಲ್‌ನಲ್ಲಿ ವಾಪಸ್ ಬಂತಾ ಅಂತ ನೋಡೋದು. 30 ಮಿಲಿಆಂಪಿನದು 30ರ ಒಳಗೆ ಬೀಳಲೇಬೇಕು, 15ಕ್ಕಿಂತ ಕೆಳಗೆ ಬೀಳಬಾರದು. 15ರಿಂದ 30ರ ನಡುವೆ ಎಲ್ಲಿ ಬೇಕಾದರೂ ಬೀಳಬಹುದು. 40 ಪ್ಯಾನೆಲ್‌ನ ಲೀಕೇಜ್ 20 ಮಿಲಿಆಂಪ್. ಅಂದ್ರೆ ಅದು ಸದಾ ಬೀಳುವ ಅಂಚಿನಲ್ಲೇ ನಿಂತಿತ್ತು. ತೇವದ ದಿನ ಇನ್ನೊಂದು ಚೂರು ಸೇರಿದರೆ ಬೀಳುತ್ತಿತ್ತು. ರೂಢಿಯ ಲೆಕ್ಕ ಏನಂದ್ರೆ, ಸದಾ ಇರುವ ಲೀಕೇಜ್ ಆರ್‌ಸಿಸಿಬಿಯ ರೇಟಿಂಗಿನ ಶೇ. 30 ದಾಟಬಾರದು. 30ಕ್ಕೆ 9 ಮಿಲಿಆಂಪ್, ಅಂದ್ರೆ ಇಂಥ 18 ಪ್ಯಾನೆಲ್.

ಹಸಿರು ವೈರು ಬಿಚ್ಚಿದಾಗ ಏನಾಯಿತು? ಲೀಕೇಜ್ ಅರ್ಥಿಗೆ ಹೋಗುವ ದಾರಿ ಮುಚ್ಚಿತು, ಆರ್‌ಸಿಸಿಬಿ ಸುಮ್ಮನಾಯಿತು. ಆದರೆ ಕೆಪ್ಯಾಸಿಟರ್‌ಗಳು ಅಲ್ಲೇ ಇವೆ. ಫೇಸಿಗೂ ನ್ಯೂಟ್ರಲ್‌ಗೂ ನಡುವೆ ನಿಂತ ಲೋಹದ ಮೈಗೆ ಹತ್ತಿರ ಹತ್ತಿರ ಅರ್ಧ ವೋಲ್ಟೇಜ್ ಬರುತ್ತದೆ. ಒಂದೇ ಪ್ಯಾನೆಲ್ ಆಗಿದ್ದರೆ ಅರ್ಧ ಮಿಲಿಆಂಪ್, ಜುಮ್ ಅಂದು ಸುಮ್ಮನಾಗುತ್ತಿತ್ತು. ಇಲ್ಲಿ 40 ಪ್ಯಾನೆಲ್‌ಗಳೂ ಒಂದೇ ಲೋಹದ ಟಿ-ಪಟ್ಟಿಯ ಜಾಲದ ಮೇಲೆ ಕೂತಿವೆ. ನಲವತ್ತರ ಲೀಕೇಜೂ ಒಟ್ಟುಗೂಡಿ, ಅರ್ಥಿಗೆ ದಾರಿ ಹುಡುಕುತ್ತಾ ಕಾಯುತ್ತಿತ್ತು.

ಸರ್ ಮಲ್ಟಿಮೀಟರ್ ಹಿಡಿದರು. ಟಿ-ಪಟ್ಟಿಗೂ ಏಸಿಯ ಪೈಪಿಗೂ ನಡುವೆ 110 ವೋಲ್ಟ್. ಮನುಷ್ಯನ ಮೈಯ ಬದಲಿಗೆ 2 ಕಿಲೋಓಮ್ ರೆಸಿಸ್ಟರ್ ಇಟ್ಟು ಅಳೆದರು: 14 ಮಿಲಿಆಂಪ್. (ಇದನ್ನು ನೀವಾಗಿ ಮಾಡಲು ಹೋಗಬೇಡಿ.) 10 ಮಿಲಿಆಂಪ್ ಆಸುಪಾಸಿನಲ್ಲಿ ಸ್ನಾಯು ಬಿಗಿದು, ಹಿಡಿದದ್ದನ್ನು ಬಿಡೋದೇ ಕಷ್ಟವಾಗುತ್ತದೆ. 14 ಅಂದ್ರೆ 15ಕ್ಕಿಂತ ಕಡಿಮೆ, ಆರ್‌ಸಿಸಿಬಿ ಬೀಳಬೇಕಾದ ಅಗತ್ಯವೇ ಇಲ್ಲ. ಆ ಹುಡುಗ ಪಟ್ಟಿಯನ್ನು ಮುಟ್ಟಿದ್ದ, ಮುಷ್ಟಿಯಲ್ಲಿ ಹಿಡಿದಿರಲಿಲ್ಲ. ಅದಕ್ಕೇ ಬಚಾವಾದ.

ಇದನ್ನು ಕೇಳಿ ಕಾಕಾ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ "ಹಂಗಾರ ಅದು ಬೀಳ್ತಿದ್ದಾಗ ಚಲೋ ಇತ್ತೇನ್ರೀ?" ಅಂದರು. ಹೌದು ಕಾಕಾ, ಅಂದೆವು.

ಉಳಿದ ಸಾಲುಗಳು

*ಔಟ್‌ಪುಟ್ 30–42 ವೋಲ್ಟ್, 800 ಮಿಲಿಆಂಪ್.* ಇದು ಸ್ಥಿರ ಕರೆಂಟಿನ ಡ್ರೈವರ್. ಡ್ರೈವರ್ ಕೆಟ್ಟರೆ 'ಅದೂ 36 ವ್ಯಾಟ್, ಇದೂ 36 ವ್ಯಾಟ್' ಅಂತ ಸಿಕ್ಕಿದ್ದನ್ನು ತರಬೇಡಿ. ಮಿಲಿಆಂಪ್ ಒಂದೇ ಇರಬೇಕು, ಪ್ಯಾನೆಲ್‌ನ ವೋಲ್ಟೇಜು ಡ್ರೈವರಿನ ವ್ಯಾಪ್ತಿಯೊಳಗೆ ಬರಬೇಕು.

*ಐಪಿ20.* ಮೊದಲ ಅಂಕಿ ಧೂಳು ಮತ್ತು ಬೆರಳಿನಿಂದ ರಕ್ಷಣೆ, ಎರಡನೆಯದು ನೀರಿನಿಂದ. ಸೊನ್ನೆ ಅಂದ್ರೆ ನೀರಿಗೆ ಯಾವ ತಡೆಯೂ ಇಲ್ಲ. ಹಾಲ್ ಒಳಗೆ ಸರಿ. ಅಂಗಡಿಯ ಹೊರಗಿನ ಬೋರ್ಡಿಗೆ, ಪೋರ್ಟಿಕೋಗೆ ಐಪಿ65 ನೋಡಿ ತನ್ನಿ.

*ಟಿಎ, ಟಿಸಿ.* ಟಿಎ ಅಂದ್ರೆ ಲೈಟಿನ ಸುತ್ತಲಿನ ಗಾಳಿ ಎಷ್ಟು ಬಿಸಿ ಇರಬಹುದು ಅನ್ನೋದು. ಟಿಸಿ ಅಂದ್ರೆ ಡ್ರೈವರ್ ಮೈಮೇಲೆ ಗುರುತು ಮಾಡಿದ ಚುಕ್ಕೆಯ ಹತ್ತಿರದ ಗರಿಷ್ಠ ಬಿಸಿ. ಹುಬ್ಬಳ್ಳಿಯ ಏಪ್ರಿಲ್ ಬಿಸಿಲಿಗೆ ತಗಡಿನ ಛಾವಣಿಗೂ ಫಾಲ್ಸ್ ಸೀಲಿಂಗಿಗೂ ನಡುವಿನ ಗಾಳಿ 45 ಡಿಗ್ರಿ ದಾಟೋದು ದೊಡ್ಡ ಮಾತಲ್ಲ. ಡ್ರೈವರ್ ಒಳಗಿನ ಎಲೆಕ್ಟ್ರೊಲಿಟಿಕ್ ಕೆಪ್ಯಾಸಿಟರ್‌ನ ಆಯಸ್ಸು ಪ್ರತಿ 10 ಡಿಗ್ರಿ ಏರಿಕೆಗೆ ಹೆಚ್ಚುಕಡಿಮೆ ಅರ್ಧವಾಗುತ್ತದೆ.

*ಐಎಸ್ ಸಂಖ್ಯೆಗಳು.* ಲೈಟ್ ಫಿಕ್ಸ್ಚರಿಗೆ ಐಎಸ್ 10322, ಎಲ್ಇಡಿ ಡ್ರೈವರ್‌ನ ಸುರಕ್ಷತೆಗೆ ಐಎಸ್ 15885. ಡಬ್ಬಿ ಮೇಲೆ ಇವು ಮತ್ತು ಬಿಐಎಸ್ ನೋಂದಣಿ ಸಂಖ್ಯೆ ಇವೆಯಾ ನೋಡಿ.

ಬಣ್ಣ ನಂಬಿ ಮೋಸ ಹೋಗಬೇಡಿ

ನಮ್ಮ ಕಟ್ಟಡಗಳಲ್ಲಿ ರೂಢಿ ಹೀಗಿದೆ: ಕೆಂಪು, ಹಳದಿ, ನೀಲಿ ಮೂರು ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅರ್ಥ್. ಆದರೆ ಬಹಳಷ್ಟು ಡ್ರೈವರ್‌ಗಳ ವೈರು ಯುರೋಪಿನ ಪದ್ಧತಿಯದು: ಕಂದು ಫೇಸ್, ನೀಲಿ ನ್ಯೂಟ್ರಲ್, ಹಸಿರು-ಹಳದಿ ಪಟ್ಟೆ ಅರ್ಥ್. ಅಮೆರಿಕದ ಮಾರುಕಟ್ಟೆಗೆ ಮಾಡಿದ ಲೈಟಾದರೆ ಕಪ್ಪು ಫೇಸ್, ಬಿಳಿ ನ್ಯೂಟ್ರಲ್.

ಅಂದ್ರೆ ಅವರ ನೀಲಿ ನಮ್ಮ ಬಿ ಫೇಸ್ ಬಣ್ಣ, ಅಮೆರಿಕದ ಫೇಸ್ ನಮ್ಮ ನ್ಯೂಟ್ರಲ್ ಬಣ್ಣ. ತ್ರೀ ಫೇಸ್ ಇರುವ ಹಾಲ್‌ನಲ್ಲಿ ಯಾರಾದರೂ 'ನೀಲಿಗೆ ನೀಲಿ' ಅಂತ ಜೋಡಿಸಿ, ಕಂದಿಗೆ ಕೆಂಪು ಕೊಟ್ಟರೆ ಲೈಟಿಗೆ ಸಿಗೋದು ಎರಡು ಫೇಸ್ ನಡುವಿನ 400 ವೋಲ್ಟ್. 220–240ರ ಡ್ರೈವರ್ ಅಲ್ಲೇ ಹೋಗುತ್ತದೆ. ಬಣ್ಣದ ಬದಲು ಡ್ರೈವರ್ ಮೇಲಿನ ಎಲ್, ಎನ್ ಮತ್ತು ಅರ್ಥ್ ಗುರುತು ನೋಡಿ ಜೋಡಿಸಬೇಕು.

ಕೊನೆಗೆ ಏನು ಮಾಡಿದ್ವಿ?

ನಾವು ಮಾಡಲಿಲ್ಲ, ಮಾಡಿಸಿದೆವು. ಮೀಟರಿನವರೆಗೆ ಹೆಸ್ಕಾಂ ಜವಾಬ್ದಾರಿ, ಅದರಿಂದಾಚೆ ಕಟ್ಟಡದವರದ್ದು. ಆ ಕೆಲಸ ಲೈಸೆನ್ಸ್ ಇರುವ ಗುತ್ತಿಗೆದಾರರೇ ಮಾಡಬೇಕು. ನಾವು ಲೆಕ್ಕ ಬರೆದುಕೊಟ್ಟೆವು, ಅವರು ನೋಡಿ ಒಪ್ಪಿ ಕೆಲಸ ಮಾಡಿದರು. 40 ಪ್ಯಾನೆಲ್ ಹತ್ತತ್ತರ ನಾಲ್ಕು ಸರ್ಕ್ಯೂಟ್ ಆದವು. ಒಂದೊಂದಕ್ಕೆ 10 ಆಂಪ್ ಸಿ ಟೈಪ್, 30 ಮಿಲಿಆಂಪ್ ಆರ್‌ಸಿಬಿಓ (ಎಂಸಿಬಿ, ಆರ್‌ಸಿಸಿಬಿ ಎರಡೂ ಕೆಲಸ ಮಾಡುವಂಥದ್ದು). ಈಗ ಒಂದೊಂದರ ಲೀಕೇಜ್ 5 ಮಿಲಿಆಂಪ್, ಲೈಟು 21ರ ಮಿತಿಯಲ್ಲಿ 10. ನಾಲ್ಕಕ್ಕೂ ನ್ಯೂಟ್ರಲ್ ಬೇರೆ ಬೇರೆ. ಒಂದರ ನ್ಯೂಟ್ರಲ್ ಇನ್ನೊಂದಕ್ಕೆ ಸೇರಿದರೆ ಲೆಕ್ಕ ತಪ್ಪಿ ಎರಡೂ ಬೀಳುತ್ತವೆ. ಎಲ್ಲ ಹಸಿರು ವೈರು ವಾಪಸ್ ಕೂಡಿದವು, ಟಿ-ಪಟ್ಟಿಗೂ ಅರ್ಥ್ ಕೊಟ್ಟರು. ಎಂಟೂ ಸ್ವಿಚ್ ಆನ್ ಇಟ್ಟು ಮೇನ್ ಇಳಿಸಿ ಏರಿಸಿದೆವು. ಏನೂ ಬೀಳಲಿಲ್ಲ. ಪಟ್ಟಿಗೂ ಪೈಪಿಗೂ ನಡುವೆ ಮೀಟರ್ ಸೊನ್ನೆ ತೋರಿಸಿತು.

ಮೊದಲು 'ರಿಪೇರಿ' ಮಾಡಿದವರನ್ನು ಬೈದು ಮುಗಿಸಬಹುದಿತ್ತು. ಆದರೆ ಟ್ಯೂಬ್‌ಲೈಟ್ ಕಾಲದಲ್ಲಿ ಕೆಲಸ ಕಲಿತವರ ಕೈಗೆ ಆ ಕಾಗದವನ್ನು ಯಾರೂ ಕೊಟ್ಟಿರಲಿಲ್ಲ. ಕೊಟ್ಟಿದ್ದರೂ ಅದು ಇಂಗ್ಲಿಷಿನಲ್ಲಿ, ಸಾಸಿವೆ ಕಾಳಿನಷ್ಟು ಸಣ್ಣ ಅಕ್ಷರದಲ್ಲಿತ್ತು. ಅದನ್ನು ಓದಿ ಹೇಳೋದು ನಮ್ಮಂಥವರಿಂದ ಆಗುವ ಕೆಲಸ. ಕನ್ನಡ ಸಂಘದ ಕೆಲಸ ಕೂಡ ಅಂತ ನಮಗನ್ನಿಸಿತು. ಒಂದು ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಡಿಬಿಯ ಬಾಗಿಲ ಒಳಗೆ ಅಂಟಿಸಿ ಬಂದೆವು. ನಿಮ್ಮ ಪಿಜಿ, ಅಂಗಡಿ, ಮನೆಗೆ ಬೇಕಾದರೆ ಸಂಖ್ಯೆ ಬದಲಿಸಿ ಬಳಸಿಕೊಳ್ಳಿ:

1. ಈ ಹಾಲ್‌ನಲ್ಲಿ 4 ಲೈಟ್ ಸರ್ಕ್ಯೂಟ್. ಒಂದಕ್ಕೆ 10 ಪ್ಯಾನೆಲ್. ಹೆಚ್ಚು ಸೇರಿಸಬೇಡಿ.
2. ವೈರು 1.5 ಚದರ ಮಿಮೀ. 10 ಆಂಪಿಗಿಂತ ದೊಡ್ಡ ಎಂಸಿಬಿ ಹಾಕಬೇಡಿ.
3. ಪ್ಯಾನೆಲ್ ಕ್ಲಾಸ್ 1. ಹಸಿರು ವೈರು ಬಿಚ್ಚಬೇಡಿ.
4. ಡ್ರೈವರ್ ಬದಲಿಸಿದರೆ 800 ಮಿಲಿಆಂಪ್, 30–42 ವೋಲ್ಟ್ ನೋಡಿ ತನ್ನಿ.
5. ಡ್ರೈವರಿನ ನೀಲಿ ವೈರು ನ್ಯೂಟ್ರಲ್. ನಮ್ಮ ನೀಲಿ ವೈರು ಫೇಸ್.
6. ಏನಾದರೂ ಬಿದ್ದರೆ, ಯಾಕೆ ಬಿತ್ತು ಅಂತ ಮೊದಲು ಹುಡುಕಿ.

ಹಾಳೆ ಓದಿದ ಕಾಕಾ ಕೆಳಗೆ ತಮ್ಮ ಕೈಯಾರೆ ಇನ್ನೊಂದು ಸಾಲು ಸೇರಿಸಿದರು: "ಲೈಟಿನ ಡಬ್ಬಿ ಒಗಿಯಬ್ಯಾಡ್ರಿ."